ಅಪ್ಪ–ಅಮ್ಮನಿಗೆ ಕಾರು ಕೊಡಿಸುವಾಗ ಎಷ್ಟು ಖರ್ಚು ಸರಿ?

ಕೈತುಂಬ ಸಂಪಾದಿಸುವ ಮಕ್ಕಳು ಹೆತ್ತವರಿಗೆ ಕಾರು ಕೊಡಿಸುವ ವಿಚಾರವಾಗಿ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬೆಲೆ, ತೆರಿಗೆ, ವಿಮೆಯ ಅಂಕಿಗಳು ಕರ್ನಾಟಕದ ನೋಂದಣಿಗೆ ಸಂಬಂಧಿಸಿದವು. ವಿಮೆ, ಸರ್ವಿಸ್, ಬಿಡಿಭಾಗಗಳ ಮೊತ್ತ ಅಂದಾಜಿನವು. ಊರಿಂದ ಊರಿಗೆ, ಮಾದರಿಯಿಂದ ಮಾದರಿಗೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತವೆ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಇಬ್ಬರ ಸಂಬಳ ಸೇರಿದರೆ ವರ್ಷಕ್ಕೆ 90 ಲಕ್ಷ ದಾಟುತ್ತದೆ. ಅಪ್ಪ ಹಾಸನದಲ್ಲಿ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ವಯಸ್ಸು 66, ಪಿಂಚಣಿ 38 ಸಾವಿರ. ಅಮ್ಮನಿಗೆ ಮಂಡಿನೋವು. 25 ಲಕ್ಷದ ಎಸ್‌ಯುವಿ ಕೊಡಿಸೋಣ ಎಂದರೆ ಅಪ್ಪ ‘ನಂಗ್ಯಾಕಪ್ಪ ಅಷ್ಟು ದೊಡ್ಡದು’ ಅನ್ನುತ್ತಾರೆ. ಸಂಕೋಚಕ್ಕೆ ಹಾಗನ್ನುತ್ತಾರೋ ನಿಜಕ್ಕೂ ಬೇಡವೋ ತಿಳಿಯುತ್ತಿಲ್ಲ. ಎಷ್ಟರ ಕಾರು ಕೊಡಿಸುವುದು ಸರಿ? — ಬೆಂಗಳೂರಿನ ಓದುಗ

ಉತ್ತರ: ನಿಮ್ಮ ಸಂಬಳವನ್ನು ಪಕ್ಕಕ್ಕಿಟ್ಟು ಅಪ್ಪನ ಪಿಂಚಣಿಯಿಂದ ಲೆಕ್ಕ ಶುರುಮಾಡಿ. ಕಾರನ್ನು ನೀವು ಒಂದು ಸಲ ಕೊಳ್ಳುತ್ತೀರಿ, ಅವರು ಹತ್ತು ವರ್ಷ ಸಾಕಬೇಕು.

ಎಕ್ಸ್ ಶೋರೂಂ ಬೆಲೆ 25 ಲಕ್ಷದ ಪೆಟ್ರೋಲ್ ಗಾಡಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್ ಕೂಡಿದರೆ ಹತ್ತಿರ ಹತ್ತಿರ ಶೇ 20, ಅಂದರೆ 5 ಲಕ್ಷ. ಹತ್ತು ಲಕ್ಷ ಮೀರಿದ ಕಾರಿಗೆ ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ಡೀಲರ್ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ), 25 ಸಾವಿರ. ವಿಮೆಗೆ ಒಂದು ಲಕ್ಷದ ಆಸುಪಾಸು. ಮನೆ ಮುಂದೆ ಬಂದು ನಿಲ್ಲುವ ಹೊತ್ತಿಗೆ 31 ಲಕ್ಷ ದಾಟಿರುತ್ತದೆ. ಇಷ್ಟನ್ನು ನೀವು ಕೊಡಬಲ್ಲಿರಿ, ಅದರಲ್ಲಿ ತಕರಾರಿಲ್ಲ. ಆಮೇಲಿನದನ್ನು ನೋಡಿ. ಎರಡನೇ ವರ್ಷದಿಂದ ವಿಮೆ ನವೀಕರಣಕ್ಕೆ 50–60 ಸಾವಿರ, ಸರ್ವಿಸ್‌ಗೆ 18–20 ಸಾವಿರ. ತಿಂಗಳಿಗೆ 300 ಕಿ.ಮೀ. ಓಡಿಸಿದರೂ ಊರೊಳಗೆ ಲೀಟರಿಗೆ 10 ಕಿ.ಮೀ. ಲೆಕ್ಕದಲ್ಲಿ ವರ್ಷಕ್ಕೆ ಪೆಟ್ರೋಲ್ 37 ಸಾವಿರ. ಒಟ್ಟು ಒಂದು ಲಕ್ಷ ಹದಿನೈದು ಸಾವಿರದಷ್ಟಾಯಿತು, ಅಂದರೆ ಮೂರು ತಿಂಗಳ ಪಿಂಚಣಿ. ಐದಾರು ವರ್ಷಕ್ಕೊಮ್ಮೆ ನಾಲ್ಕು ಟೈರಿಗೆ ಹೋಗುವ 50–60 ಸಾವಿರವನ್ನು ಇದರಲ್ಲಿ ಸೇರಿಸಿಲ್ಲ. ಎಲ್‌ಇಡಿ ಹೆಡ್‌ಲ್ಯಾಂಪಿಗೆ ಒಂದು ಎಮ್ಮೆ ಗುದ್ದಿದರೆ ಆಗುವ 40 ಸಾವಿರವನ್ನೂ ಸೇರಿಸಿಲ್ಲ.

ಅದೇ 8 ಲಕ್ಷದ ಸಣ್ಣ ಕಾರಿಗೆ ತೆರಿಗೆ ಶೇ 14, ಸೆಸ್ ಸೇರಿ ಶೇ 15.54, ಅಂದರೆ 1.24 ಲಕ್ಷ. ವಿಮೆ ಮತ್ತು ಇತರ ಶುಲ್ಕ ಸೇರಿ ಆನ್ ರೋಡ್ 9.7 ಲಕ್ಷದೊಳಗೆ ಮುಗಿಯುತ್ತದೆ. ವಿಮೆ ನವೀಕರಣಕ್ಕೆ 15–18 ಸಾವಿರ, ಸರ್ವಿಸ್ 7–8 ಸಾವಿರ, ಪೆಟ್ರೋಲ್ 23–24 ಸಾವಿರ. ವರ್ಷಕ್ಕೆ 48 ಸಾವಿರ, ಒಂದೂಕಾಲು ತಿಂಗಳ ಪಿಂಚಣಿ. ಡ್ರೈವರ್ ಸಂಬಳ ಬಿಟ್ಟು ಕಾರಿನ ವಾರ್ಷಿಕ ಖರ್ಚು ಒಂದೂವರೆ ತಿಂಗಳ ಪಿಂಚಣಿಯನ್ನು ಮೀರಬಾರದು ಎಂಬುದು ನಮ್ಮ ಅಳತೆ.

‘ಆ ಖರ್ಚನ್ನೂ ನಾವೇ ಕೊಡ್ತೀವಲ್ಲ’ ಎಂದು ನೀವು ಹೇಳಬಹುದು. ಕೊಡುತ್ತೀರಿ; ಆದರೆ ಅವರು ಕೇಳುವುದಿಲ್ಲ. ಬಂಪರ್ ಗೀಚಿಹೋದರೆ ಮಗನಿಗೆ ಫೋನು ಮಾಡಿ ಆರು ಸಾವಿರ ಹಾಕು ಎನ್ನುವ ನಿವೃತ್ತ ಮೇಷ್ಟ್ರು ಅಪರೂಪ. ಅದಕ್ಕೆ ಬದಲು ಅವರು ಕಾರು ತೆಗೆಯುವುದನ್ನೇ ಕಡಿಮೆ ಮಾಡುತ್ತಾರೆ. ಪೇಟೆಗೆ ಹಳೇ ಸ್ಕೂಟರಿನಲ್ಲೇ ಹೋಗುತ್ತಾರೆ, ದೊಡ್ಡ ಗಾಡಿ ಶೆಡ್ಡಿನಲ್ಲಿ ಕವರ್ ಹೊದ್ದು ಕೂರುತ್ತದೆ, ಅಮ್ಮ ಮಂಡಿ ಹಿಡಿದುಕೊಂಡು ಆಟೊ ಹತ್ತುತ್ತಾರೆ. ದುಬಾರಿ ಉಡುಗೊರೆಗಳು ಕೆಡುವುದು ಹೀಗೇ.

ನಿಮ್ಮ ಮನಸ್ಸಿನಲ್ಲಿ 31 ಲಕ್ಷವಿದೆ. ಅದರ ಅರ್ಧ, 15 ಲಕ್ಷ, ಸಾಕು. 8ರಿಂದ 9.9 ಲಕ್ಷದೊಳಗಿನ ಕಾರು ಆರಿಸಿ, ಉಳಿದದ್ದರಲ್ಲಿ ಮೂರು ಲಕ್ಷವನ್ನು ಅಪ್ಪನ ಹೆಸರಲ್ಲೇ ಠೇವಣಿ ಇಟ್ಟು ‘ಇದು ಕಾರಿನ ದುಡ್ಡು’ ಎಂದು ಮೊದಲೇ ಹೇಳಿಬಿಡಿ. ಐದು ವರ್ಷದ ಓಡಾಟಕ್ಕೆ ಅವರು ನಿಮ್ಮನ್ನು ಕೇಳಬೇಕಾಗಿಲ್ಲ. ಹತ್ತು ಲಕ್ಷದ ಗೆರೆಯ ಹತ್ತಿರ ಮಾತ್ರ ಎಚ್ಚರವಿರಲಿ. 9.95 ಲಕ್ಷದ ಮಾದರಿಗೆ ತೆರಿಗೆ 1.55 ಲಕ್ಷ. ಸನ್‌ರೂಫ್ ಆಸೆಗೆ 10.10 ಲಕ್ಷದ್ದಕ್ಕೆ ಹೋದರೆ ದರ ಶೇ 17ಕ್ಕೆ ಏರಿ ತೆರಿಗೆ 1.9 ಲಕ್ಷವಾಗುತ್ತದೆ, ಜೊತೆಗೆ 10,100 ರೂಪಾಯಿ ಟಿಸಿಎಸ್. ಬೆಲೆಯಲ್ಲಿ 15 ಸಾವಿರ ಹೆಚ್ಚಾದರೆ ಕೈಯಿಂದ ಹೋಗುವುದು 60 ಸಾವಿರ. 66 ವಯಸ್ಸಿನವರಿಗೆ ಹಾಸನದ ಬಿಸಿಲಲ್ಲಿ ಸನ್‌ರೂಫ್ ಏಕೆ ಎಂಬುದು ಬೇರೆ ಮಾತು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದ್ದೂ ಸಣ್ಣ ಕಾರಿನ ಪರವಾಗಿದೆ. ನಾಲ್ಕು ಮೀಟರಿನೊಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ಶೇ 18. ಅದಕ್ಕಿಂತ ದೊಡ್ಡ ಪೆಟ್ರೋಲ್ ಗಾಡಿಗಳಿಗೆ ಶೇ 40.

ಇನ್ನು ಅಮ್ಮನ ಮಂಡಿ. ಷೋರೂಮಿಗೆ ಅವರನ್ನು ಕರೆದುಕೊಂಡು ಹೋಗದೆ ಬುಕ್ ಮಾಡಬೇಡಿ. ಹೋಗುವಾಗ ಅವರು ದಿನಾ ಉಡುವ ಸೀರೆಯಲ್ಲೇ ಇರಲಿ, ಚೂಡಿದಾರದಲ್ಲಿ ಹತ್ತುವುದಕ್ಕೂ ಸೀರೆಯಲ್ಲಿ ಹತ್ತುವುದಕ್ಕೂ ವ್ಯತ್ಯಾಸವಿದೆ. ಹಿಂದಿನ ಬಾಗಿಲು ತೆಗೆದು, ಸೀಟಿಗೆ ಬೆನ್ನು ಮಾಡಿ ನಿಂತಾಗ ಸೀಟಿನ ಅಂಚು ಮಂಡಿಗಿಂತ ತುಸು ಮೇಲೆ ತಾಗಬೇಕು. ನೆಲದಿಂದ 50–60 ಸೆಂ.ಮೀ. ಎತ್ತರ ಬಹುಪಾಲು ಹೆಂಗಸರಿಗೆ ಸರಿಹೋಗುತ್ತದೆ. ಅದಕ್ಕಿಂತ ಕೆಳಗಿದ್ದರೆ ಸೆಡಾನ್‌ನಲ್ಲಿ ಆಗುವಂತೆ ಧೊಪ್ಪನೆ ಬೀಳುತ್ತಾರೆ, ಏಳುವಾಗ ಪೂರ್ತಿ ಭಾರ ಮಂಡಿಯ ಮೇಲೆ. ಮೇಲಿದ್ದರೆ ದೊಡ್ಡ ಎಸ್‌ಯುವಿಯಂತೆ ಒಂದು ಕಾಲೂರಿ ಮೈ ಎತ್ತಬೇಕು, ನೋವಿರುವ ಮಂಡಿಗೆ ಅದು ಇನ್ನೂ ಕೆಟ್ಟದ್ದು. ಪಕ್ಕಕ್ಕೆ ಫುಟ್‌ಸ್ಟೆಪ್ ಹಾಕಿಸಿದರೆ ಆಗುತ್ತದಲ್ಲ ಎನ್ನುತ್ತಾರೆ. ಮಳೆಗಾಲದಲ್ಲಿ ಜಾರುವುದು ಅದೇ, ಸೀರೆಯ ಅಂಚು ಸಿಕ್ಕಿಕೊಳ್ಳುವುದೂ ಅದಕ್ಕೇ. ವ್ಯಾಗನ್‌ಆರ್, ಪಂಚ್, ಎಕ್ಸ್‌ಟರ್ ಥರದ ಎತ್ತರದ ಸಣ್ಣ ಕಾರುಗಳು ವಯಸ್ಸಾದವರಿಗೆ ಒಗ್ಗುವುದು ಈ ಕಾರಣಕ್ಕೆ. ಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತದೆ, ಒಳಗೆ ಹಿಡಿದುಕೊಳ್ಳಲು ಹ್ಯಾಂಡಲ್ ಇದೆಯೇ ಎಂಬುದನ್ನೂ ನೋಡಿ. ಕೆಲವು ಕಂಪನಿಗಳು ಕೆಳಗಿನ ವೇರಿಯಂಟ್‌ಗಳಲ್ಲಿ ಅದನ್ನೇ ಬಿಟ್ಟಿರುತ್ತವೆ.

ಮನೆಯ ಗೇಟನ್ನೂ ಟೇಪು ಹಿಡಿದು ಅಳೆಯಿರಿ. ಹಳೇ ಬಡಾವಣೆಗಳಲ್ಲಿ ಏಳಡಿ ಗೇಟು ಸಾಮಾನ್ಯ, ಅದು 213 ಸೆಂ.ಮೀ. ಇನ್ನೋವಾ ಹೈಕ್ರಾಸ್ ಅಗಲ ಕನ್ನಡಿ ಬಿಟ್ಟು 185 ಸೆಂ.ಮೀ. ಮಡಚಿದ ಕನ್ನಡಿ ಬಿಡಿಸಿದರೆ ಎರಡೂ ಕಡೆ ಅಂಗೈ ತೂರುವುದೇ ಕಷ್ಟ. ವ್ಯಾಗನ್‌ಆರ್ 162 ಸೆಂ.ಮೀ. ಗೇಟಿನೆದುರಿನ ರಸ್ತೆ ಹದಿನೈದಡಿಗಿಂತ ಕಿರಿದಾಗಿದ್ದರೆ ದೊಡ್ಡ ಗಾಡಿಯನ್ನು ಹಿಂದೆ ಮುಂದೆ ಮೂರು ನಾಲ್ಕು ಸಲ ಮಾಡಿ ಒಳಗೆ ತರಬೇಕಾಗುತ್ತದೆ. ದಿನಕ್ಕೆರಡು ಸಲ ಆ ಕಸರತ್ತು ಮಾಡಲು ಅಪ್ಪ ಒಪ್ಪುವುದಿಲ್ಲ. ಅವರು ‘ಅಷ್ಟು ದೊಡ್ಡದು’ ಎಂದಿದ್ದು ಬಹುಶಃ ಇದನ್ನೇ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಧಾರವಾಡದಲ್ಲಿರುವ ಅಪ್ಪಾ–ಅವ್ವಗ ಕಾರ್ ಕೊಡಸಬೇಕು. ಇಲ್ಲಿಂದ ರೊಕ್ಕಾ ಕಳಿಸಿದರ ಅಪ್ಪಾರಿಗೆ ಟ್ಯಾಕ್ಸ್ ಬೀಳತದೇನು? ಕಾರ್ ನನ್ನ ಹೆಸರಿಗೆ ಇರಬೇಕೋ, ಅವರ ಹೆಸರಿಗೋ? — ಧಾರವಾಡದ ಮಗಳು

ಉತ್ತರ: ಮಕ್ಕಳು ತಂದೆತಾಯಿಗೆ ಕೊಡುವ ಹಣಕ್ಕೆ ಭಾರತದ ಆದಾಯ ತೆರಿಗೆ ಕಾಯ್ದೆಯಲ್ಲಿ ತೆರಿಗೆ ಇಲ್ಲ, ಮೊತ್ತಕ್ಕೆ ಮಿತಿಯೂ ಇಲ್ಲ. ಅಮೆರಿಕದ ಕಡೆ ಲೆಕ್ಕ ಬೇರೆ. 2025ರಲ್ಲಿ ಒಬ್ಬರಿಗೆ ವರ್ಷಕ್ಕೆ 19,000 ಡಾಲರ್‌ವರೆಗೆ ಉಡುಗೊರೆ ಕೊಟ್ಟರೆ ಏನೂ ಹೇಳಬೇಕಾಗಿಲ್ಲ. ಅದನ್ನು ಮೀರಿದರೆ ಫಾರಂ 709 ತುಂಬಬೇಕು. ಆಗಲೂ ಜೀವಮಾನದ ವಿನಾಯಿತಿ ದೊಡ್ಡದಿರುವುದರಿಂದ ತೆರಿಗೆ ಕಟ್ಟುವ ಸಂದರ್ಭ ಸಾಮಾನ್ಯರಿಗೆ ಬರುವುದಿಲ್ಲ. ಅಪ್ಪಾ, ಅವ್ವ ಇಬ್ಬರ ಖಾತೆಗೂ ಪ್ರತ್ಯೇಕವಾಗಿ ಕಳಿಸಿದರೆ ಮಿತಿ ಇಬ್ಬರಿಗೂ ಬೇರೆ ಬೇರೆ. ಹಣ ನಿಮ್ಮ ಖಾತೆಯಿಂದ ನೇರ ಅವರ ಖಾತೆಗೆ ಹೋಗಲಿ. ಡೀಲರ್‌ಗೆ ಅಲ್ಲಿಂದ ಆರ್‌ಟಿಜಿಎಸ್ ಮಾಡಲಿ. ಊರಿನ ನೆಂಟರ ಕೈಲಿ ನಗದು ಕೊಡಿಸುವುದು ಬೇಡವೇ ಬೇಡ, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಡೀಲರ್ ತೆಗೆದುಕೊಳ್ಳುವಂತಿಲ್ಲ. ‘ಮಗಳು ಪ್ರೀತಿಯಿಂದ ಕೊಟ್ಟ ಉಡುಗೊರೆ’ ಎಂದು ಒಂದು ಪುಟದ ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಫೈಲಿನಲ್ಲಿಡಿ. ಪಿಂಚಣಿಯಷ್ಟೇ ಆದಾಯವಿರುವವರ ಪ್ಯಾನ್ ಮೇಲೆ ದೊಡ್ಡ ಖರೀದಿ ಕಂಡಾಗ ಇಲಾಖೆ ಕೇಳಿದರೆ ಅದೇ ಉತ್ತರ.

ಹೆಸರು ಅಪ್ಪಾರದೇ ಇರಲಿ. ಇದರಲ್ಲಿ ನಮಗೆ ಎರಡನೇ ಮಾತಿಲ್ಲ. ಮಗಳ ಹೆಸರಿಗಿದ್ದರೆ ಮಾರುವಾಗ ಫಾರಂ 29, 30ಕ್ಕೆ ನಿಮ್ಮ ಸಹಿ ಬೇಕು. ಅಪಘಾತದ ಕ್ಲೇಮ್ ಹಣ ನಿಮ್ಮ ಹೆಸರಿಗೇ ಬರುತ್ತದೆ. ಪೊಲೀಸ್ ನೋಟಿಸೂ ನಿಮ್ಮ ಹೆಸರಿಗೇ. ಇನ್ನೊಂದು ನಷ್ಟ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಅಪ್ಪಾರ ಹತ್ತಿರ ಹಳೇ ಕಾರಿದ್ದು, ಕ್ಲೇಮ್ ಮಾಡದೆ ಐದು ವರ್ಷ ಕಳೆದಿದ್ದರೆ ಅವರಿಗೆ ಶೇ 50 ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಇರುತ್ತದೆ. ಅದು ಕಾರಿನದಲ್ಲ, ಮಾಲೀಕರದು. ಹಳೇ ಕಾರು ಮಾರುವಾಗ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹೊಸ ಕಾರಿನ ಓನ್ ಡ್ಯಾಮೇಜ್ ಕಂತು, ಅಂದರೆ ಸ್ವಂತ ಕಾರಿಗಾಗುವ ಹಾನಿಯ ವಿಮೆಯ ಕಂತು, ಅರ್ಧ ಇಳಿಯುತ್ತದೆ. ಹೊಸ ಕಾರು ನಿಮ್ಮ ಹೆಸರಿಗೆ ಬಂದರೆ ಆ ರಿಯಾಯಿತಿ ಕೈತಪ್ಪಿತು.

ನೋಂದಣಿ ಮಾಡಿಸುವಾಗಲೇ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಿ. ಅದಿಲ್ಲದೆ ಮಾಲೀಕರು ತೀರಿಕೊಂಡರೆ ಫಾರಂ 31ರ ಜೊತೆ ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಎಲ್ಲ ಹೊಂದಿಸಬೇಕು. ಮೂವರು ಮಕ್ಕಳು ಮೂರು ದೇಶದಲ್ಲಿದ್ದರಂತೂ ಆ ಫೈಲು ಬೇಗ ಮುಗಿಯುವುದಿಲ್ಲ.

ಟಿಸಿಎಸ್ ವಿಷಯ: ಕಾರು ಹತ್ತು ಲಕ್ಷ ಮೀರಿದರೆ ಆ ಶೇ 1 ಅಪ್ಪಾರ ಪ್ಯಾನ್‌ಗೆ ಜಮೆಯಾಗುತ್ತದೆ. ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ, ಸಲ್ಲಿಸದಿದ್ದರೆ ಇಲ್ಲ. ತೆರಿಗೆಯೇ ಬೀಳದ ಪಿಂಚಣಿದಾರರು ರಿಟರ್ನ್ ಹಾಕದೆ ಬಿಟ್ಟುಬಿಡುವುದು ಹೆಚ್ಚು.

ಹಳ್ಳಿಯಲ್ಲಿ ಹೆತ್ತವರಿರುವ ಓದುಗರಿಗೆ ಒಂದು ಮಾತು. ಅಪ್ಪ–ಅಮ್ಮನ ಹತ್ತಿರ ಬಿಪಿಎಲ್ ಕಾರ್ಡ್ ಇದ್ದರೆ, ಬಿಳಿ ಬೋರ್ಡಿನ ಕಾರು ಅವರ ಹೆಸರಿಗೆ ಬಂದಕೂಡಲೇ ಆ ಕಾರ್ಡಿಗೆ ಅವರು ಅರ್ಹರಾಗಿ ಉಳಿಯುವುದಿಲ್ಲ. ಕಾರು ಬರುವ ಮೊದಲೇ ಅದನ್ನು ಮನೆಯಲ್ಲಿ ಮಾತಾಡಿಕೊಳ್ಳಿ.

ಪ್ರಶ್ನೆ: ಅಪ್ಪನಿಗೆ 74. ಪೊರೆ ಶಸ್ತ್ರಚಿಕಿತ್ಸೆ ಆಗಿದೆ, ಸಕ್ಕರೆ ಕಾಯಿಲೆಯಿದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ನಲವತ್ತು ವರ್ಷ ಗೇರ್ ಕಾರು ಓಡಿಸಿದವರು. ಈಗ ಆಟೊಮ್ಯಾಟಿಕ್ ಕೊಡಿಸಿದರೆ ಸುಲಭವಾಗುತ್ತದಾ? ಶಿವಮೊಗ್ಗದಿಂದ ತೀರ್ಥಹಳ್ಳಿಯ ತೋಟಕ್ಕೆ ವಾರಕ್ಕೊಮ್ಮೆ ಹೋಗಿಬರುತ್ತಾರೆ. — ಶಿವಮೊಗ್ಗ

ಉತ್ತರ: ಕಾರಿನ ಮಾತು ಆಮೇಲೆ, ಮೊದಲು ಅವರ ಡಿಎಲ್ ತೆಗೆದು ದಿನಾಂಕ ನೋಡಿ. 55 ದಾಟಿದವರಿಗೆ ನವೀಕರಣ ಸಿಗುವುದು ಐದೈದು ವರ್ಷಕ್ಕೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೂ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ವೈದ್ಯರು ಸಹಿ ಮಾಡಿದ ಫಾರಂ 1ಎ ಕಡ್ಡಾಯ. ಡಿಎಲ್ ಅವಧಿ ಮುಗಿದಿದ್ದಾಗ ಅಪಘಾತವಾದರೆ ಕಾರಿನ ಕ್ಲೇಮ್ ತಿರಸ್ಕಾರವಾಗುತ್ತದೆ. ಎಷ್ಟು ಲಕ್ಷದ ಕಾರು ಕೊಡಿಸಿದ್ದೀರಿ ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ.

ಫಾರಂ 1ಎ ಅನ್ನು ಆರ್‌ಟಿಒ ಎದುರಿನ ಅಂಗಡಿಯಲ್ಲಿ ತುಂಬಿಸುವ ಬದಲು ಕಣ್ಣಿನ ವೈದ್ಯರ ಹತ್ತಿರವೇ ಹೋಗಿ. ಅಕ್ಷರ ಓದುವ ಪರೀಕ್ಷೆಯೊಂದೇ ಸಾಲದು. ಪಕ್ಕದಿಂದ ಬರುವ ಬೈಕು ಕಾಣಿಸುವಷ್ಟು ಅಂಚಿನ ನೋಟವಿದೆಯೇ, ಗ್ಲುಕೋಮಾ ಇದೆಯೇ, ರಾತ್ರಿ ಎದುರು ಗಾಡಿಯ ಬೆಳಕಿಗೆ ಸುತ್ತ ಉಂಗುರ ಕಾಣುತ್ತದೆಯೇ, ಇವನ್ನು ಕೇಳಿ. ಕುತ್ತಿಗೆ ಎರಡೂ ಕಡೆ ಭುಜದವರೆಗೆ ತಿರುಗಬೇಕು. ಸಕ್ಕರೆಯ ಕೆಲವು ಮಾತ್ರೆಗಳಲ್ಲಿ ಊಟ ತಡವಾದರೆ ಸಕ್ಕರೆ ಅಂಶ ದಿಢೀರ್ ಇಳಿಯುತ್ತದೆ. ತೋಟದಿಂದ ಹೊರಡುವ ಮುನ್ನ ಏನಾದರೂ ತಿಂದೇ ಹೊರಡುವ ರೂಢಿಯಿರಲಿ, ಗಾಡಿಯಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ. ಕತ್ತಲಾದ ಮೇಲೆ ಮಂಡಗದ್ದೆಯ ತಿರುವುಗಳಲ್ಲಿ ಅವರು ಓಡಿಸದಿದ್ದರೆ ಒಳ್ಳೆಯದು.

ಆಟೊಮ್ಯಾಟಿಕ್ ಎಂದರೆ ಎಲ್ಲ ಒಂದೇ ಅಲ್ಲ. ಎಎಂಟಿ ಅಗ್ಗ, ಗೇರ್ ಕಾರಿಗಿಂತ 45–60 ಸಾವಿರ ಹೆಚ್ಚು. ಒಳಗಿರುವುದು ಅದೇ ಕ್ಲಚ್ಚು, ಅದೇ ಗೇರ್‌ಬಾಕ್ಸು; ಒತ್ತುವ ಕೆಲಸ ಯಂತ್ರದ್ದು. ಹಾಗಾಗಿ ಗೇರ್ ಬದಲಾಗುವಾಗ ಒಂದು ಕ್ಷಣ ತಡವರಿಸುತ್ತದೆ. ಹಿಲ್ ಹೋಲ್ಡ್ ಇಲ್ಲದಿದ್ದರೆ ಏರಿನಲ್ಲಿ ಬ್ರೇಕ್ ಬಿಟ್ಟಾಗ ಹಿಂದಕ್ಕೆ ಸರಿಯುತ್ತದೆ. ಮಲೆನಾಡಿನ ಏರಿಳಿತಕ್ಕೆ ಹಿಲ್ ಹೋಲ್ಡ್ ಇಲ್ಲದ ಎಎಂಟಿ ಬೇಡ. ಸಿವಿಟಿ ಅಥವಾ ಟಾರ್ಕ್ ಕನ್ವರ್ಟರ್ ಎಂಬ ಬಗೆಯ ಆಟೊಮ್ಯಾಟಿಕ್ ಸರಾಗ, ವಯಸ್ಸಾದವರ ಕಾಲಿಗೆ ಹಿತ. ಬೆಲೆ ಲಕ್ಷಕ್ಕೂ ಮೇಲೆ ಹೆಚ್ಚಾಗಬಹುದು, ಆದರೆ ಈ ಕಾರಿನಲ್ಲಿ ದುಡ್ಡು ಸುರಿಯಬೇಕಾದ ಜಾಗ ಇದೇ. ಡ್ಯುಯಲ್ ಕ್ಲಚ್ ಬಿಡಿ. ಆಮೆಗತಿಯ ಟ್ರಾಫಿಕ್‌ನಲ್ಲಿ ಒಣ ಕ್ಲಚ್ ಬಿಸಿಯಾಗುತ್ತದೆ, ರಿಪೇರಿ ದುಬಾರಿ.

ಸುಲಭವಾಗುತ್ತದಾ ಎಂದಿರಿ. ಎರಡು ತಿಂಗಳ ನಂತರ ಆಗುತ್ತದೆ. ಮೊದಲ ಎರಡು ವಾರ ಅಪಾಯದ್ದು. ನಲವತ್ತು ವರ್ಷ ಕ್ಲಚ್ ಒತ್ತಿದ ಎಡಗಾಲು ಗಾಡಿ ನಿಧಾನಿಸುವಾಗ ತಾನಾಗಿಯೇ ಮುಂದೆ ಹೋಗಿ ಅಗಲವಾದ ಬ್ರೇಕ್ ಪೆಡಲ್ ಮೇಲೆ ಬೀಳುತ್ತದೆ. ಕ್ಲಚ್ಚಿಗೆ ಕೊಡುವ ಬಲವನ್ನೇ ಬ್ರೇಕಿಗೆ ಕೊಟ್ಟರೆ ಕಾರು ಧಡಕ್ಕನೆ ನಿಂತು ಹಿಂದಿನವನು ಬಂದು ಗುದ್ದುತ್ತಾನೆ. ಇದಕ್ಕಿಂತ ಕೆಟ್ಟದ್ದು, ಪಾರ್ಕಿಂಗ್ ಮಾಡುವಾಗ ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತುವುದು. ಗೇರ್ ಕಾರಿನಲ್ಲಿ ಕ್ಲಚ್ ಒತ್ತಿದ್ದರೆ ಎಂಜಿನ್ ಬರೀ ಕೂಗುತ್ತದೆ. ಇದರಲ್ಲಿ ಕಾರು ಗೋಡೆಗೆ ಹಾರುತ್ತದೆ. ಖಾಲಿ ಮೈದಾನದಲ್ಲಿ ಹತ್ತು ದಿನ, ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿಸಿ. ಎಡಗಾಲನ್ನು ಸೀಟಿನ ಹತ್ತಿರಕ್ಕೆ ಎಳೆದು ಇಟ್ಟುಕೊಳ್ಳಲಿ. ಬಲ ಹಿಮ್ಮಡಿ ಬ್ರೇಕಿನ ನೇರಕ್ಕೆ ಊರಿರಲಿ, ಆಕ್ಸಿಲರೇಟರ್‌ಗೆ ಪಾದವನ್ನಷ್ಟೇ ಓರೆ ಮಾಡಲಿ. ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಶೂ. ಎಲ್‌ಎಲ್‌ಆರ್ ಕಲಿಯುವ ಹುಡುಗರಿಗೆ ಹೇಳುವಂತೆ ಹೇಳಬೇಡಿ, ಮಗ ಹೇಳಿದರೆ ಕೇಳದವರು ಡ್ರೈವಿಂಗ್ ಸ್ಕೂಲಿನವರು ಹೇಳಿದರೆ ಕೇಳುತ್ತಾರೆ.

ಡೀಸೆಲ್ ಬೇಡ. ಬಿಎಸ್ 6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷವಾದರೂ ನಿಲ್ಲದ ಓಟ ಬೇಕು. ವಾರಪೂರ್ತಿ ಊರೊಳಗೆ ಎರಡೆರಡು ಕಿ.ಮೀ. ಓಡಿದರೆ ಕಟ್ಟಿಕೊಳ್ಳುತ್ತದೆ.

ಕಡಿಮೆ ಓಡುವ ಪೆಟ್ರೋಲ್ ಕಾರಿಗೂ ತನ್ನದೇ ಕಾಯಿಲೆಗಳಿವೆ. ಮೂರು ವಾರ ನಿಂತರೆ ಬ್ಯಾಟರಿ ಇಳಿಯುತ್ತದೆ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಹಿಂದಿನ ಬ್ರೇಕ್ ಕಚ್ಚಿಕೊಳ್ಳುತ್ತದೆ. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಕಟ್ಟೆ ಕೊಟ್ಟು ಬ್ರೇಕ್ ಸಡಿಲ ಬಿಡಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಲಾಭವಿಲ್ಲ. ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಬೇಕು. ಕಿ.ಮೀ. ಎಷ್ಟೇ ಆಗಿರಲಿ, ಆಯಿಲ್ ವರ್ಷಕ್ಕೊಮ್ಮೆ ಬದಲಾಯಿಸಿ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ, 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಗುಳಿ ಸವೆಯದಿದ್ದರೂ ಆರು ವರ್ಷಕ್ಕೆ ಬದಲಿಸಬೇಕು. ಇನ್ನು ತೋಟದ ಮನೆಯ ಇಲಿಗಳು: ಬಾನೆಟ್ ಒಳಗಿನ ವೈರು ಕಡಿದರೆ ಸಾವಿರಗಟ್ಟಲೆ ಖರ್ಚು. ಅಡಿಕೆ ಸುಲಿಯುವ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸಬೇಡಿ, ಇಲಿ ಕಡಿತಕ್ಕೆ ಪರಿಹಾರವಿರುವ ಆ್ಯಡ್ ಆನ್ ವಿಮೆಯಲ್ಲಿ ಇದೆಯೇ ಕೇಳಿ.

ಪ್ರಶ್ನೆ: ನಾವು ಮೂವರು ಮಕ್ಕಳು. ನಾನು ಬೆಂಗಳೂರಿನಲ್ಲಿ ಸ್ವಂತ ಉದ್ಯಮ ಮಾಡಿಕೊಂಡಿದ್ದೇನೆ. ತಮ್ಮ ತುಮಕೂರಿನಲ್ಲಿ ಖಾಸಗಿ ಶಾಲೆಯ ಶಿಕ್ಷಕ, ಅಪ್ಪ–ಅಮ್ಮ ಇರುವುದು ಅವನ ಜೊತೆ. ತಂಗಿ ಮಂಗಳೂರಿನಲ್ಲಿ. 12 ಲಕ್ಷದ ಕಾರನ್ನು ಮೂರು ಪಾಲು ಮಾಡೋಣವೇ, ನಾನೊಬ್ಬನೇ ಕೊಡಲೇ? — ಬೆಂಗಳೂರು

ಉತ್ತರ: ಮೂರು ಪಾಲು ಬೇಡ. ನಾಲ್ಕು ಲಕ್ಷ ನಿಮಗೆ ಲೆಕ್ಕಕ್ಕಿಲ್ಲ, ಶಾಲೆಯ ಸಂಬಳದಲ್ಲಿ ಅದು ಒಂದು ವರ್ಷದ ಬದುಕು. ನೀವು ಕೊಡಿ, ತಂಗಿ ಕೇಳಿದರೆ ವಿಮೆಯನ್ನೋ ಬಿಡಿಭಾಗವನ್ನೋ ಅವಳು ನೋಡಿಕೊಳ್ಳಲಿ. ತಮ್ಮ ಕೊಡುತ್ತಿರುವುದು ದಿನಾ ಆಸ್ಪತ್ರೆ, ದೇವಸ್ಥಾನ, ಮದುವೆಮನೆಗೆ ಕರೆದುಕೊಂಡು ಹೋಗುವ ಕೈಕಾಲು. ಆದ್ದರಿಂದ ಕಾರು ಆರಿಸುವಾಗ ಅವನ ಮಾತಿಗೆ ನಿಮ್ಮ ಮಾತಿಗಿಂತ ಹೆಚ್ಚು ತೂಕವಿರಲಿ. ಅವನೂ ಅವನ ಮಕ್ಕಳೂ ಅದೇ ಕಾರಿನಲ್ಲಿ ಓಡಾಡುತ್ತಾರೆ ಎಂಬುದನ್ನು ಖರೀದಿಯ ದಿನವೇ ಒಪ್ಪಿಕೊಂಡುಬಿಡಿ. ‘ಅಪ್ಪನಿಗೆ ಕೊಡಿಸಿದ ಕಾರು, ಇವನು ಓಡಿಸ್ತಾನೆ’ ಎಂಬ ಒಂದು ವಾಕ್ಯ ಎಷ್ಟೋ ಮನೆಗಳ ಹಬ್ಬದ ಊಟವನ್ನು ಹಾಳುಮಾಡಿದೆ.

ಸಾಲವನ್ನು ಅಪ್ಪನ ಹೆಸರಲ್ಲಿ ಮಾಡಬೇಡಿ. ವಯಸ್ಸಿನ ಕಾರಣಕ್ಕೆ ಬ್ಯಾಂಕು ಅವಧಿಯನ್ನು ಮೊಟಕು ಮಾಡಿ ಕಂತು ದೊಡ್ಡದಾಗುತ್ತದೆ. ಸಾಲ ತೀರಿದ ಮೇಲೂ ಎನ್‌ಒಸಿ, ಫಾರಂ 35 ಕೊಟ್ಟು ಆರ್‌ಸಿಯಿಂದ ಹೈಪಾತಿಕೇಷನ್ ಎಂಬ ಬ್ಯಾಂಕ್ ಸಾಲದ ನಮೂದನ್ನು ತೆಗೆಸುವುದನ್ನು ಯಾರೂ ನೆನಪಿಡುವುದಿಲ್ಲ. ಮಾರಲು ಹೋದ ದಿನ ಅದು ಎದ್ದು ಕೂರುತ್ತದೆ.

ಪ್ರಶ್ನೆ: ಹೊಸ ಸಣ್ಣ ಕಾರಿನ ಬೆಲೆಗೆ ಆರೇಳು ವರ್ಷ ಹಳೆಯ ಜರ್ಮನ್ ಐಷಾರಾಮಿ ಸೆಡಾನ್ ಸಿಗುತ್ತಿದೆ. ಚಿಕ್ಕಮಗಳೂರಿನಲ್ಲಿರುವ ಅತ್ತೆ–ಮಾವನಿಗೆ ಅದನ್ನೇ ಕೊಡಿಸಬಹುದೇ? — ಬೆಂಗಳೂರಿನ ಓದುಗರು

ಉತ್ತರ: ಬೇಡ. ಕೊಳ್ಳುವ ಬೆಲೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಹೊಸ ಕಾರಿನ ಬಿಡಿಭಾಗದಷ್ಟೇ ಇರುತ್ತದೆ. ಒಂದು ಸಸ್ಪೆನ್ಷನ್ ರಿಪೇರಿಯಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ಸೀಟು ತಗ್ಗು, ಏಳುವುದು ಕಷ್ಟ. ಕಾಫಿ ತೋಟದ ಮಣ್ಣುದಾರಿಯಲ್ಲಿ ಅಡಿ ತಾಗುತ್ತದೆ. ಅಧಿಕೃತ ಸರ್ವಿಸ್‌ಗೆ ದೊಡ್ಡ ಊರಿಗೇ ಒಯ್ಯಬೇಕು.

ಸೆಕೆಂಡ್ ಹ್ಯಾಂಡೇ ಬೇಕಿದ್ದರೆ ಮೂರು ವರ್ಷದೊಳಗಿನ, 30 ಸಾವಿರ ಕಿ.ಮೀ. ಒಳಗಿನ ಸಾಮಾನ್ಯ ಹ್ಯಾಚ್‌ಬ್ಯಾಕ್ ಆಟೊಮ್ಯಾಟಿಕ್ ನೋಡಿ. 2023ರ ಏಪ್ರಿಲ್ ನಂತರ ತಯಾರಾದದ್ದಾದರೆ ಇ20 ಪೆಟ್ರೋಲಿಗೆ (ಶೇ 20 ಎಥೆನಾಲ್ ಬೆರೆಸಿದ್ದು) ತಕ್ಕ ರಬ್ಬರ್ ಭಾಗಗಳಿರುತ್ತವೆ. ವಿಮೆಯನ್ನು 14 ದಿನದೊಳಗೆ ಮಾವನ ಹೆಸರಿಗೆ ಬದಲಾಯಿಸಿ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿರುವ ಅಮ್ಮ–ಅಪ್ಪನಿಗೆ ಎಲೆಕ್ಟ್ರಿಕ್ ಕಾರು ಹೇಗೆ? — ಪುಣೆಯ ಕನ್ನಡಿಗ

ಉತ್ತರ: ಸ್ವಂತ ಮನೆ, ಸ್ವಂತ ಶೆಡ್ಡು ಇದ್ದರೆ ಚೆನ್ನಾಗಿಯೇ ಹೊಂದುತ್ತದೆ. 26 ಯೂನಿಟ್ ಬ್ಯಾಟರಿಯ ಸಣ್ಣ ಕಾರನ್ನು 15 ಆ್ಯಂಪ್ ಸಾಕೆಟ್‌ನಿಂದ ತುಂಬಲು ಒಂಬತ್ತು ಹತ್ತು ಗಂಟೆ, ಅಂದರೆ ಒಂದು ರಾತ್ರಿ. ಗೀಸರ್‌ಗೆಂದು ಇಪ್ಪತ್ತು ವರ್ಷದ ಹಿಂದೆ ಎಳೆದ ವೈರಿನ ಮೇಲೆ ಇದನ್ನು ಹಾಕಬೇಡಿ, ಒಂಬತ್ತು ಗಂಟೆ ಎಡೆಬಿಡದೆ ಹರಿಯುವ ಕರೆಂಟಿಗೆ ಸಾಕೆಟ್ ಕರಗುತ್ತದೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ತಂತಿ, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ತಿಂಗ್ ಬೇಕು. ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಇದ್ದರೆ ಅಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ. ಚಾರ್ಜಿಂಗ್ ಕೇಬಲ್ಲಿನ ಭಾರವನ್ನು ಅಮ್ಮ ಬಾಗಿ ಎತ್ತಬಲ್ಲರೇ ನೋಡಿ, ಪೋರ್ಟಿನ ಎತ್ತರಕ್ಕೇ ಗೋಡೆಯಲ್ಲಿ ಕೊಕ್ಕೆ ಹಾಕಿಸಿ.

ಉಳಿತಾಯಕ್ಕೆಂದು ಮಾತ್ರ ಕೊಳ್ಳಬೇಡಿ. ತಿಂಗಳಿಗೆ 300 ಕಿ.ಮೀ. ಓಡಿಸುವವರಿಗೆ ಪೆಟ್ರೋಲಿಗಿಂತ ಉಳಿಯುವುದು 1,700 ರೂಪಾಯಿಯಷ್ಟು. ಆನ್ ರೋಡ್ ಬೆಲೆ ಮೂರು ಲಕ್ಷ ಹೆಚ್ಚಿದ್ದರೆ ಅದು ವಾಪಸಾಗಲು ಹದಿನಾಲ್ಕು ಹದಿನೈದು ವರ್ಷ. ಕ್ಲಚ್ಚಿಲ್ಲ, ಸದ್ದಿಲ್ಲ ಎಂಬ ಸುಖಕ್ಕೆ ಕೊಳ್ಳಿ. ಪೆಡಲ್ ಮುಟ್ಟಿದ ಕೂಡಲೇ ಜಿಗಿಯುತ್ತದೆ, ಹಾಗಾಗಿ ಮೊದಲ ತಿಂಗಳು ಇಕೋ ಮೋಡ್‌ನಲ್ಲೇ ಇರಲಿ.

ಪ್ರಶ್ನೆ: ಹತ್ತು ಲಕ್ಷ ಎತ್ತಿಟ್ಟಿದ್ದೇನೆ. ಉಡುಪಿಯಲ್ಲಿರುವ ಅಪ್ಪ, ಅಮ್ಮ ಇಬ್ಬರಿಗೂ ಓಡಿಸಲು ಬರುವುದಿಲ್ಲ. ಕಾರು, ಡ್ರೈವರ್ ಎರಡನ್ನೂ ಕೊಟ್ಟರೂ ‘ಬೇಡ ಮಾರಾಯ’ ಅನ್ನುತ್ತಾರೆ. — ದುಬೈ

ಉತ್ತರ: ಬೇಡ ಎಂದವರ ಮಾತು ಕೇಳಿ. ಸಣ್ಣ ಊರಿನಲ್ಲೂ ಪೂರ್ಣಾವಧಿ ಡ್ರೈವರ್‌ಗೆ ತಿಂಗಳಿಗೆ ಹದಿನೈದು ಸಾವಿರ ಬೇಕು. ವಾರಕ್ಕೆರಡು ಸಲ ಹೊರಗೆ ಹೋಗುವ ಮನೆಯಲ್ಲಿ ಅವನಿಗೂ ಕೆಲಸವಿಲ್ಲ, ಬೆಳಿಗ್ಗೆಯಿಂದ ಅಂಗಳದಲ್ಲಿ ಕೂತವನಿಗೆ ಕಾಫಿ ತಿಂಡಿ ಮಾಡಿಕೊಡುವ ಹೊಣೆ ಅಮ್ಮನಿಗೆ.

ಆ ಹತ್ತು ಲಕ್ಷವನ್ನು ಅಪ್ಪನ ಖಾತೆಗೆ ಕಳಿಸಿ, ಅವರ ಹೆಸರಲ್ಲಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಿಸಿ. 60 ದಾಟಿದವರಿಗೆ 30 ಲಕ್ಷದವರೆಗೆ ಅವಕಾಶವಿದೆ, ಅವಧಿ ಐದು ವರ್ಷ. 2023ರ ಏಪ್ರಿಲ್‌ನಲ್ಲಿ ಬಂದ ಶೇ 8.2ರ ದರದ ಪ್ರಕಾರ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಬಡ್ಡಿ ಬರುತ್ತದೆ, ತಿಂಗಳಿಗೆ 6,800ರಷ್ಟು. ಮಣಿಪಾಲದ ಆಸ್ಪತ್ರೆಗೆ, ಮಠಕ್ಕೆ, ಪೇಟೆಗೆ ವಾರಕ್ಕೆರಡು ಸಲ ಟ್ಯಾಕ್ಸಿಯಲ್ಲಿ ಹೋಗಿಬಂದರೂ ಮಿಗುತ್ತದೆ, ಅಸಲು ಹಾಗೇ ಇರುತ್ತದೆ. ಬಡ್ಡಿ ಹೋಗಿ ಬೀಳುವುದು ಇಬ್ಬರ ಜಂಟಿ ಖಾತೆಗಾಗಲಿ, ಇಲ್ಲದಿದ್ದರೆ ಅಮ್ಮ ಟ್ಯಾಕ್ಸಿ ಕರೆಯಲು ಅಪ್ಪನನ್ನು ಕೇಳಬೇಕಾಗುತ್ತದೆ.

ಆ್ಯಪ್‌ನಲ್ಲಿ ಬುಕ್ ಮಾಡುವುದನ್ನು ಕಲಿಸಲು ಹೋಗಬೇಡಿ. ಸ್ಟ್ಯಾಂಡಿನ ಇಬ್ಬರು ಪರಿಚಿತ ಟ್ಯಾಕ್ಸಿಯವರನ್ನು ಗೊತ್ತುಮಾಡಿ, ಒಬ್ಬರೇ ಆದರೆ ಅವರ ಮನೆಯ ಮದುವೆಯ ದಿನ ಕಷ್ಟ. ಅವರ ಗಾಡಿ ಸೀಟಿನ ಎತ್ತರವನ್ನೂ ಮೊದಲ ಉತ್ತರದಲ್ಲಿ ಹೇಳಿದಂತೆ ಅಮ್ಮನನ್ನು ಕೂರಿಸಿಯೇ ನೋಡಿ. ಕಾಯುವ ಗಂಟೆಗೆ ಎಷ್ಟು, ರಾತ್ರಿ ಕರೆದರೆ ಎಷ್ಟು ಎಂದು ಮೊದಲೇ ಮಾತಾಡಿ, ಇಬ್ಬರ ನಂಬರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ.